ಸೂಜಿಗಣ್ಣಿನ ಬಾವಿ

ಹ್ಞೂಂ ಎನ್ನುವವರಿಲ್ಲದೆ ಆಯಿ ಕಥೆ ಹೇಳುತ್ತಿರಲಿಲ್ಲ.

ಆಯಿ ಅಂದರೆ ನನ್ನ ತಾಯಿಯ ತಾಯಿ ನೀಲವ್ವ. ಇಳಕಲ್ಲಿನ ನಮ್ಮ ಓಣಿಯಲ್ಲಿ ಸೀರೆಗೆ ಸೆರಗು ಕೂಡಿಸುವುದು ಅವಳ ಕೆಲಸ. ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಒಂದು ಮಾಡಬೇಕು. ಬೆರಳು ಕೊಂಡಿ ಹಾಕುತ್ತಿದ್ದರೆ ಬಾಯಿ ಕಥೆ ಹೇಳುತ್ತಿತ್ತು. ಒಂದು ಮಾತು ಹೇಳಿ ನಿಲ್ಲುವಳು. ನಾನು ಹ್ಞೂಂ ಎಂದರೆ ಮುಂದಿನ ಮಾತು. ಎನ್ನದಿದ್ದರೆ ಕಥೆ, ಮಗ್ಗದ ಮೇಲೆ ಬಿಟ್ಟ ಲಾಳಿಯಂತೆ, ಅಲ್ಲೇ ನಿಂತುಬಿಡುತ್ತಿತ್ತು.

ಅವಳದು ಇನ್ನೊಂದು ಕಟ್ಟಳೆ. ಕಥೆಯ ತುದಿಯನ್ನು ಒಂದು ಕಿವಿಗೆ ಒಂದೇ ಸಲ ಹೇಳಬೇಕು. ತುದಿ ಕೇಳಿದವರು ಆಮೇಲೆ ಕೇಳುವವರಲ್ಲ, ಹೇಳುವವರು.

ಸೂಜಿಗಣ್ಣಿನ ಬಾವಿಯ ಕಥೆಯ ತುದಿ ನನಗೆ ಸಿಕ್ಕಿರಲೇ ಇಲ್ಲ. ನೇಕಾರನಿಗೆ ಇಬ್ಬರು ಹೆಣ್ಣುಮಕ್ಕಳು. ಸೆರಗಿಗೆ ಬೇಕಾದ ಕೆಂಪು ಬಣ್ಣ ಬಾವಿಯ ತಳದಲ್ಲಿ, ಹಾವುಗಳ ಮನೆಯಲ್ಲಿದೆ. ತಂಗಿ ಸೊಂಟಕ್ಕೆ ನೂಲು ಕಟ್ಟಿಕೊಂಡು ಇಳಿಯುತ್ತಾಳೆ. ಅಕ್ಕ ಮೇಲೆ ನೂಲಿನ ತುದಿ ಹಿಡಿದು ಕೂಡುತ್ತಾಳೆ. ತಂಗಿ ಬಣ್ಣ ತೆಗೆದುಕೊಂಡು ತಿರುಗುವಷ್ಟರಲ್ಲಿ ಹಾವಿನ ರಾಣಿ ಒಂದು ಉಸಿರು ಬಿಡುತ್ತಾಳೆ. ಬಾವಿಯ ಬಾಯಿ ಸೂಜಿಯ ಕಣ್ಣಿನಷ್ಟಾಗುತ್ತದೆ. ಇಲ್ಲಿಗೆ ಬರುವಷ್ಟರಲ್ಲಿ ನನಗೆ ಪ್ರತಿ ಸಲವೂ ನಿದ್ದೆ. ದೊಡ್ಡವಳಾದೆ, ಮದುವೆಯಾದೆ, ಆಯಿಯನ್ನು ನನ್ನ ಮನೆಗೇ ಕರೆತಂದೆ. ಆ ಹುಡುಗಿ ಮಾತ್ರ ಬಾವಿಯ ತಳದಲ್ಲೇ ನಿಂತಿದ್ದಳು.

ಪರಕಾಯದ ಕೆಲಸಕ್ಕೆ ಸೇರಿದ ಮೇಲೆ ಆ ತುದಿ ಇನ್ನೂ ದೂರವಾಯಿತು.

ಬೆಳಿಗ್ಗೆ ನಡುಮನೆಯ ಮಂಚದ ಮೇಲೆ ಮಲಗಿ ತಲೆಗೆ ಜಾಳಿಗೆ ಹಾಕಿಕೊಳ್ಳುತ್ತಿದ್ದೆ. ದೇಹ ಅಲ್ಲೇ ನಿದ್ದೆಯಲ್ಲಿ ಉಳಿಯುತ್ತಿತ್ತು. ನಾನು ಹೋಗಿ ಅಣೆಕಟ್ಟಿನ ಬುಡದಲ್ಲಿ, ಆಮೆಯಂಥ ಒಂದು ಯಂತ್ರದೊಳಗೆ ಕಣ್ಣು ತೆರೆಯುತ್ತಿದ್ದೆ. ನೀರಿನೊಳಗೆ ಗೇಟುಗಳ ಅಂಚು ಸವರಿ ನೋಡುವುದು, ಜಂಗು ಕೆರೆಯುವುದು, ಸಿಕ್ಕಿಕೊಂಡ ಜಾಲಿಕಂಟಿ ಬಿಡಿಸುವುದು ಕೆಲಸ. ದಡದಲ್ಲಿ ಕೂತು ಯಂತ್ರವನ್ನು ನಡೆಸಿದರೆ ಸೆಳವಿಗೆ ಕೈ ಒಂದು ಗಳಿಗೆ ತಡವಾಗುತ್ತದೆ. ಅದಕ್ಕೇ ಮನುಷ್ಯರೇ ಒಳಗಿರಬೇಕು ಎಂದಾಯಿತು. ನಮ್ಮ ಓಣಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಮಗ್ಗ ಹೋಗಿ ಇಂಥ ಮಂಚ ಬಂದಿತ್ತು.

ಹಿಂದೆ ದೀಪ ಇಡುತ್ತಿದ್ದ ಗೋಡೆಯ ಮಾಡದಲ್ಲಿ ಈಗ ಮನೆಯ ಸರ್ವರ್ ಇತ್ತು. ಬೆಳಿಗ್ಗೆ ನಾನು ಹೊರಡುವಾಗ ಹೇಗಿದ್ದೆನೋ ಹಾಗೇ ನನ್ನ ಒಂದು ಅಚ್ಚನ್ನು ಅದು ತೆಗೆದಿಡುತ್ತಿತ್ತು. ಸಂಜೆ ಆಮೆಯಿಂದ ವಾಪಸು ಬರುವುದು ಅಂದಿನ ದಿನ ಮಾತ್ರ: ಅಂದು ಕಂಡದ್ದು, ಮುಟ್ಟಿದ್ದು, ಮನಸ್ಸಿನಲ್ಲಿ ಬದಲಾದದ್ದು. ಅದನ್ನು ಬೆಳಗಿನ ಅಚ್ಚಿಗೆ ಕೂಡಿಸಿದರೆ ನಾನು ಪೂರ್ತಿಯಾಗಿ ಮಂಚದಿಂದ ಏಳುತ್ತಿದ್ದೆ. ಒಡಲಿಗೆ ಸೆರಗು ಕೂಡಿಸಿದ ಹಾಗೆ. ಹೋಗಿಬರುವ ಮನಸ್ಸಿಗೆ ಬೀಗ ಹಾಕಿರುತ್ತಿತ್ತು. ಆ ಬೀಗದ ಕೈ ಮನೆಯ ಸರ್ವರ್‌ನಲ್ಲಿ ಮಾತ್ರ ಇರಬೇಕೆಂದು ಕೆಲಸದವರು ಹಿಂದೆ ಹೋರಾಡಿ ಕಾಯ್ದೆ ಮಾಡಿಸಿದ್ದರು. ಕಂಟ್ರೋಲ್ ರೂಮಿನವರಿಗೆ ನಮ್ಮ ಮನಸ್ಸು ಬಟ್ಟೆ ಮುಚ್ಚಿದ ಬುಟ್ಟಿ ಇದ್ದಂತೆ. ಹೋಗುವುದು ಬರುವುದು ಕಾಣುತ್ತದೆ, ಒಳಗೇನಿದೆ ಕಾಣುವುದಿಲ್ಲ.

ಕಷ್ಟವೆಂದರೆ ಹೀಗೆ ದೇಹಕ್ಕೆ ವಾಪಸು ಬರುವುದು, ನಾವು ಮರಳಿಕೆ ಎನ್ನುವುದು, ತುಂಬ ನಿಧಾನ. ದೀಪ ಹಚ್ಚುವ ಹೊತ್ತಿಗೆ ಶುರುವಾದರೆ, ಅತ್ತ ಆಮೆಯಲ್ಲೂ ಇಲ್ಲದೆ ಇತ್ತ ಮಂಚದಲ್ಲೂ ಇಲ್ಲದೆ, ಊರೆಲ್ಲ ಉಂಡು ಕೈತೊಳೆಯುವತನಕ ನಡುವೆ ತೂಗುತ್ತಿದ್ದೆ. ಎದ್ದಾಗ ರೊಟ್ಟಿ ಸೆಟೆದಿರುತ್ತಿತ್ತು, ಆಯಿ ಮಲಗಿರುತ್ತಿದ್ದಳು. ಇತ್ತೀಚೆಗೆ ಅವಳು ಹೊತ್ತು ಮುಳುಗಿದರೆ ಸಾಕು ಕಣ್ಣು ಮುಚ್ಚುತ್ತಿದ್ದಳು. ಒಂದು ದಿನ ನನ್ನ ಗಂಡನಿಗೆ ಹೇಳಿದೆ, ಹೇಗಾದರೂ ಮಾಡಿ ಅವಳು ಮಲಗುವ ಮೊದಲು ನನ್ನನ್ನು ಮನೆ ಮುಟ್ಟಿಸಿ, ಆ ಕಥೆಯ ತುದಿಯೊಂದು ಕೇಳಬೇಕು.

ವಿರೂಪಾಕ್ಷನದು ಸೋಲಾರ್ ಪಂಪು ರಿಪೇರಿ ಕೆಲಸ. ಯಾವ ಯಂತ್ರ ಕಂಡರೂ ಅದರ ಮುಚ್ಚಳ ತೆಗೆಯುವ ಆಸೆ. ಅಂದು ರಾತ್ರಿ ನಾನು ಎದ್ದ ಮೇಲೆ ನಾವಿಬ್ಬರೂ ಸರ್ವರ್‌ನ ಸೆಟ್ಟಿಂಗು ತೆರೆದು ಕೂತೆವು. ದಿನವೆಲ್ಲ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಬರುತ್ತಿತ್ತು. ಪ್ರತಿಯೊಂದಕ್ಕೂ ವಿಳಾಸದ ತಲೆಪಟ್ಟಿ, ಪ್ರತಿಯೊಂದಕ್ಕೂ ಮುಟ್ಟಿತು ಎಂಬ ಉತ್ತರ. ಒಂದು ಪ್ಯಾಕೆಟ್ಟಿನ ಅಳತೆ ಸಾವಿರದ ಐನೂರು ಬೈಟು. ಅದನ್ನು ಒಂಬತ್ತು ಸಾವಿರ ಮಾಡಿದರೆ ಅಷ್ಟೇ ಸರಕು ಕಡಿಮೆ ಗಂಟಿನಲ್ಲಿ ಬರುತ್ತದೆ, ಬೇಗ ಮುಗಿಯುತ್ತದೆ. ಅಣೆಕಟ್ಟಿನ ಕಡೆಯ ಯಂತ್ರ ದೊಡ್ಡ ಅಳತೆಗೆ ಯಾವಾಗಲೋ ತಯಾರಿತ್ತು. ನಮ್ಮ ಮನೆಯದೇ ಸಣ್ಣದಿತ್ತು. ಆಯಿ ನಿದ್ದೆಗಣ್ಣಿನಲ್ಲಿ ಹಾಸಿಗೆಯಿಂದಲೇ ಅಂದಳು, “ಉಣ್ಣಾಕ ಕುಂತ್ರೂ ನಿನ್ನ ಗಂಡಂದು ಹಿಂಗ, ಅಗದಿ ದೊಡ್ಡ ದೊಡ್ಡ ತುತ್ತು.” ಅವರು ನಕ್ಕು, ನಾಳೆ ನೀನು ಹೋದ ಮೇಲೆ ಬದಲಿಸುತ್ತೇನೆ ಎಂದರು.

ಮರುದಿನ ನಾನು ಹಳೆಯ ಅಳತೆಯಲ್ಲೇ ಹೋದೆ. ಮಧ್ಯಾಹ್ನ ಅವರು ಬದಲಿಸಿದರು. ಸಂಜೆ ಹೊಸ ಅಳತೆಯಲ್ಲಿ ಮರಳಿಕೆಯ ಎಳೆ ಕಟ್ಟಿಕೊಂಡಿತು.

ಆಮೆಯನ್ನು ಅದರ ಗೂಡಿಗೆ ತಂದು ನಿಲ್ಲಿಸಿದೆ. ಗೂಡೆಂದರೆ ಅಣೆಕಟ್ಟಿನ ಹೊಟ್ಟೆಯೊಳಗೆ ಕಾಂಕ್ರೀಟಿನ ಒಂದು ಸಂದು. ಮರಳಿಕೆ ಶುರುವಾದೊಡನೆ ಆಮೆಯ ಕಾಲುಗಳಿಗೆ ಬೀಗ ಬೀಳುತ್ತದೆ, ದೀಪ ಆರುತ್ತದೆ. ಇದೆಲ್ಲ ದಿನದ ರೂಢಿ. ಆಮೇಲೆ ಒಳಗಿಂದ ಯಾರೋ ನೂಲೆಳೆದ ಹಾಗೆ ಅನ್ನಿಸಬೇಕು, ದಿನದ ನೆನಪು ಉಂಡೆ ಬಿಚ್ಚುತ್ತ ಹೋಗಬೇಕು.

ಒಮ್ಮೆ ಎಳೆಯಿತು. ಆಮೇಲೆ ಇಲ್ಲ.

ಕತ್ತಲು ಇತ್ತು. ನೀರಿನ ಭಾರ ಬೆನ್ನಿನ ಮೇಲೆ ಇತ್ತು. ಎಲ್ಲೋ ಒಂದು ಕಡೆ ಹನಿ ಬೀಳುತ್ತಿತ್ತು. ಎದ್ದು ಕೂರೋಣವೆಂದರೆ ಏಳುವ ಕಾಲು ಇರಲಿಲ್ಲ. ಕಣ್ಣು ಮುಚ್ಚೋಣವೆಂದರೆ ಮುಚ್ಚಲು ರೆಪ್ಪೆ ಇರಲಿಲ್ಲ. ಆಮೆಗೆ ನಿದ್ದೆ ಬರುವುದಿಲ್ಲ, ಬಾಯಿ ಒಣಗುವುದಿಲ್ಲ. ಹೆದರಿಕೆಗೆ ಎದೆ ಹೊಡೆದುಕೊಳ್ಳಲೂ ಎದೆ ಬೇಕಲ್ಲ. ಹೆದರಿಕೆ ಸುಮ್ಮನೆ ಇತ್ತು, ಆ ಸಂದಿಯಲ್ಲಿ ನನ್ನ ಪಕ್ಕದಲ್ಲೇ ಇನ್ನೊಂದು ಆಮೆ ನಿಂತ ಹಾಗೆ.

ಮನೆಯ ಮೈಕಿನಿಂದ ಗಂಡನ ದನಿ ಬಂತು. ಮನೆಯವರ ಮಾತು ದನಿಯಾಗಿ, ಚೂರು ಚೂರಾಗಿ ಬರುತ್ತದೆ, ಅದಕ್ಕೇನೂ ತಡೆಯಿರಲಿಲ್ಲ.

“ಲೀಲಾ, ಕೇಳತೈತಿಲ್ಲೋ?”

ಹ್ಞೂಂ ಎಂದುಕೊಂಡೆ. ಅದು ಮುಟ್ಟಿತು. ಅವರ ಉಸಿರು ಹಗುರಾದದ್ದು ಕೇಳಿಸಿತು.

ಆಮೆಗೆ ಬಾಯಿಲ್ಲ. ನನ್ನ ಒಂದೊಂದು ಯೋಚನೆಯೂ ಒಂದೊಂದು ಗಂಟಾಗಿ ಹೋಗಿ, ಮನೆಯ ಸರ್ವರ್‌ನಲ್ಲಿ ಬಿಚ್ಚಿಕೊಂಡು, ಸ್ಪೀಕರಿನಲ್ಲಿ ನನ್ನ ದನಿಯಾಗುತ್ತದೆ. ಯೋಚನೆಯ ಜೊತೆ ಅದರ ಭಾವವೂ ಗಂಟಿನೊಳಗಿರುತ್ತದೆ. ಮರಳಿಕೆ ನಿಂತಿದೆ, ಏನೋ ಹೆಚ್ಚುಕಡಿಮೆಯಾಗಿದೆ, ನನಗೆ ಹೆದರಿಕೆಯಾಗುತ್ತಿದೆ ಎಂದು ಕಳಿಸಿದೆ. ಉತ್ತರವಿಲ್ಲ. ಮತ್ತೆ ಕಳಿಸಿದೆ. ಅವರು ಮತ್ತೆ ಕೇಳಿದರು, ಆರಾಮ ಇದ್ದೀಯಿಲ್ಲ? ಇಲ್ಲ, ಆರಾಮವಿಲ್ಲ, ಇಲ್ಲಿ ಕತ್ತಲು, ಬೇಗ ಏನಾದರೂ ಮಾಡಿ ಎಂದೆ. ಅದೂ ಹೋಗಲಿಲ್ಲ. ಕೇಳುತ್ತಿದೆಯಾ ಎಂದು ಅವರು ಇನ್ನೊಮ್ಮೆ ಕೂಗಿದಾಗ, ದಣಿದು, ಏನೂ ಅನ್ನಿಸದೆ, ಹ್ಞೂಂ ಎಂದುಬಿಟ್ಟೆ. ಅದು ಮುಟ್ಟಿತು.

“ಹ್ಞೂಂ ಅನ್ನಾಕತ್ತಾಳ ಆಯಿ. ಆರಾಮದಾಳ,” ಎಂದರು ಅವರು.

ಆಗ ತಿಳಿಯಿತು. ಸಣ್ಣ ಗಂಟು ದಾಟುತ್ತಿದೆ, ದೊಡ್ಡದು ದಾಟುತ್ತಿಲ್ಲ. ಓಣಿಯ ಮೂಲೆಯ ಕಂಬದಲ್ಲಿ ಹಳೆಯ ಪೆಟ್ಟಿಗೆಯೊಂದಿತ್ತು, ನಮ್ಮ ಮನೆಯ ಎಳೆ ಹಾಯುವುದು ಅದರ ಮೂಲಕವೇ. ಅದಕ್ಕೆ ಸಾವಿರದ ಐನೂರಕ್ಕಿಂತ ದೊಡ್ಡದನ್ನು ನುಂಗಲು ಬಾರದು. ನುಂಗಲು ಬಾರದಿದ್ದರೆ ಹಿಂದಕ್ಕೆ ಹೇಳಿ ಕಳಿಸಬೇಕು, ಇದು ದೊಡ್ಡದಾಯಿತು, ಸಣ್ಣದು ಮಾಡಿ ಎಂದು. ಆ ಪೆಟ್ಟಿಗೆ ಮೂಗಿ. ಸುಮ್ಮನೆ ಬಿಸಾಡುತ್ತಿತ್ತು. ಮುಟ್ಟಿತೆಂಬ ಉತ್ತರ ಬಾರದ್ದರಿಂದ ಆಮೆ ಅದೇ ಗಂಟನ್ನು ಮತ್ತೆ ಕಳಿಸುತ್ತಿತ್ತು, ಪೆಟ್ಟಿಗೆ ಮತ್ತೆ ಬಿಸಾಡುತ್ತಿತ್ತು.

ಹ್ಞೂಂ ಮಾತ್ರ ಹೋಗುತ್ತಿತ್ತು. ಹೌದು, ಆಯಿತು, ಬೇಡ, ಇವು ಹೋಗುತ್ತಿದ್ದವು. ನನ್ನ ಮನೆಯಲ್ಲಿ ನಾನಾಡುವ ಮಾತುಗಳಲ್ಲಿ ಮುಕ್ಕಾಲು ಪಾಲು ಅವೇ ಎಂದು ಆ ಕತ್ತಲಲ್ಲಿ ಹೊಳೆಯಿತು. ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ.

ಎರಡನೆಯ ದಿನವೆಲ್ಲ ಕಂಟ್ರೋಲ್ ರೂಮೂ ನಮ್ಮ ಮನೆಯೂ ಫೋನಿನಲ್ಲಿ ಜಗಳಾಡಿದವು. ಎರಡೂ ಕಡೆಯ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಕಂಟ್ರೋಲ್ ರೂಮಿನ ಮೇಲ್ವಿಚಾರಕಿ ಕಟಗೇರಿ ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿದ್ದೆಗೆಟ್ಟ ಆಯಾಸವಿತ್ತು. ನಮ್ಮ ಕಡೆಯಿಂದ ಗಂಟುಗಳು ಹೊರಡುತ್ತಿವೆ, ನಿಮ್ಮ ಮನೆಯಲ್ಲೇ ಏನೋ ಆಗಿದೆ ಎಂದರು ಅವರು. ಮನೆಯಲ್ಲಿ ಸರ್ವರ್‌ನಿಂದ ಮಂಚಕ್ಕೆ ಪರೀಕ್ಷೆ ಮಾಡಿದ್ದೇನೆ, ಮೊದಲಿನ ಐದು ಪಟ್ಟು ವೇಗವಿದೆ, ನಿಮ್ಮಲ್ಲೇ ಏನೋ ಆಗಿದೆ ಎಂದರು ಇವರು. ಇಬ್ಬರ ಮಾತೂ ಸುಳ್ಳಲ್ಲ. ನಡುವಿನ ಮೂಗಿಯನ್ನು ಯಾರೂ ಕೇಳಲಿಲ್ಲ.

ಕಟಗೇರಿ ಮೇಡಂ ನಿಯಮ ನೆನಪಿಸಿದರು. ಖಾಲಿ ದೇಹ ಮೂರನೆಯ ಬೆಳಗಿಗಿಂತ ಹೆಚ್ಚು ಕಾಯಲಾರದು. ಅಷ್ಟರೊಳಗೆ ಮರಳಿಕೆ ಮುಗಿಯದಿದ್ದರೆ ಮಂಚ ತಾನಾಗಿಯೇ ಬೆಳಗಿನ ಅಚ್ಚನ್ನು ದೇಹಕ್ಕೆ ತುಂಬಿ ಎಬ್ಬಿಸುತ್ತದೆ. ಆಮೆಯಲ್ಲಿರುವುದನ್ನು ತೊಳೆದು ಮುಂದಿನವರಿಗೆ ಕೊಡುತ್ತಾರೆ.

“ನಿಮ್ಮ ಮನಿಯವರಿಗೆ ಏನೂ ಆಗಂಗಿಲ್ರಿ,” ಎಂದರು ಮೇಡಂ. “ಎರಡ ದಿನ ನೆನಪಿರಂಗಿಲ್ಲ, ಅಷ್ಟ.”

ಅಷ್ಟೇ. ಆ ಎರಡು ದಿನ ಎಂದರೆ ನಾನು. ಮನೆಯವರಿಗೆ ಲೀಲಾ ಸಿಗುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ನಗುತ್ತಾಳೆ. ಈ ಸಂದಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿರುವವಳು ಮಾತ್ರ ಎಲ್ಲೂ ಇರುವುದಿಲ್ಲ. ಸತ್ತಳೆಂದು ಅಳುವವರೂ ಇರುವುದಿಲ್ಲ. ಯಾಕೆಂದರೆ ಯಾರೂ ಸತ್ತಿರುವುದಿಲ್ಲ.

ಮನಸ್ಸನ್ನು ಹಿಂಡಿ, ಹೆದರಿಕೆ ಸೋರಿಸಿ, ಒಂದು ಸಣ್ಣ ಮಾತು ಮಾಡಿ ಕಳಿಸಿದೆ. ಗಂಟು ಸಣ್ಣದು ಮಾಡಿ. ಅದು ಮುಟ್ಟಿತು.

ಅವರು ಜಾಣರು, ತಕ್ಷಣ ತಿಳಿದರು. ಓಡಿಹೋಗಿ ಅಳತೆಯನ್ನು ಸಾವಿರದ ಐನೂರಕ್ಕೆ ಇಳಿಸಿದರು. ನಾನು ಕಾದೆ. ಎಳೆ ಅಲುಗಲಿಲ್ಲ. ಅವರೂ ಕಾದರು. ಕೊನೆಗೆ, ಅದಲ್ಲ ಲೀಲಾ, ಬೇರೆ ಏನೋ ಇದೆ ಎಂದು ಮತ್ತೆ ಒಂಬತ್ತು ಸಾವಿರಕ್ಕೆ ಏರಿಸಿದರು. ಬಂದ ಗಂಟು ಕೂಡಿಡುವ ಬಫರು ದೊಡ್ಡದು ಮಾಡಿದರು, ಉತ್ತರಕ್ಕೆ ಕಾಯದೆ ಒಮ್ಮೆಗೇ ಎಷ್ಟು ಗಂಟು ಬಿಡಬಹುದೋ ಅದನ್ನೂ ದೊಡ್ಡದು ಮಾಡಿದರು. ಮನುಷ್ಯರಿಗೆ ದಾರಿ ಕಾಣದಾಗ ಎಲ್ಲವನ್ನೂ ದೊಡ್ಡದು ಮಾಡುತ್ತಾರೆ.

ಆಮೇಲೆ ನನಗೆ ನೆನಪಾಯಿತು. ಪ್ಯಾಕೆಟ್ಟಿನ ಅಳತೆಯನ್ನು ಎರಡು ಕಡೆಯವರು ಒಪ್ಪಿಕೊಳ್ಳುವುದು ಎಳೆ ಕಟ್ಟುವ ಗಳಿಗೆಯಲ್ಲಿ ಮಾತ್ರ. ಒಮ್ಮೆ ಕಟ್ಟಿದ ಎಳೆ ಕಟ್ಟಿದಾಗಿನ ಒಪ್ಪಂದದ ಮೇಲೇ ನಡೆಯುತ್ತದೆ. ಸರ್ವರ್‌ನಲ್ಲಿ ಆಮೇಲೆ ಏನು ಬದಲಿಸಿದರೂ ಹಳೆಯ ಎಳೆಗೆ ಅದು ತಾಗುವುದಿಲ್ಲ. ಅಳತೆ ಇಳಿಸಿ, ಎಳೆ ಕಡಿದು, ಕೂಡಲೇ ಹೊಸದಾಗಿ ಕಟ್ಟಬೇಕು. ಕಡಿದ ಎಳೆಯನ್ನು ಒಂದು ತಂಬಿಗೆ ನೀರು ಕುಡಿಯುವಷ್ಟರಲ್ಲಿ ಕಟ್ಟಿದರೆ ಸರಿ. ತಡವಾದರೆ ಮರಳಿಕೆ ಮುಗಿಯಿತೆಂದು ಆಮೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ.

ಇಷ್ಟನ್ನೂ ಹೇಳಬೇಕು. ಹೇಳಹೋದರೆ ಗಂಟು ಉಬ್ಬುತ್ತಿತ್ತು. ಕಡಿಯುವ ಮಾತಿಗೆ ಹೆದರಿಕೆ ತಾನಾಗಿ ಅಂಟಿಕೊಳ್ಳುತ್ತಿತ್ತು, ಮೂಗಿ ಅದನ್ನು ಬಿಸಾಡುತ್ತಿತ್ತು. ಎಷ್ಟೋ ಹೊತ್ತು ಹೆಣಗಿದ ಮೇಲೆ ಎರಡೇ ಶಬ್ದ ದಾಟಿದವು.

ಎಳೆ ಕಡೀರಿ.

ಆಮೇಲೆ ಅವರು ಮೈಕಿನ ಹತ್ತಿರ ಬಂದು, ತೀರ ಸಣ್ಣ ದನಿಯಲ್ಲಿ, “ಹಂಗ ಅನಬ್ಯಾಡ ಲೀಲಾ. ನಾ ಇನ್ನೂ ಕೈ ಬಿಟ್ಟಿಲ್ಲ,” ಎಂದರು.

ಕಡೀರಿ ಎಂದೆ ಮತ್ತೆ. ಅವರು ಅತ್ತರು. ನಮ್ಮ ಮದುವೆಯಾದ ಮೇಲೆ ಅವರ ಅಳು ನಾನು ಕೇಳಿದ್ದು ಅದೇ ಮೊದಲು. ನನ್ನ ಹೆಂಡತಿ ಬೇಸತ್ತು ಸಾಯಲು ಬಿಡಿ ಎನ್ನುತ್ತಿದ್ದಾಳೆ ಎಂದು ಅವರು ತಿಳಿದರು. ಅಲ್ಲ ಎನ್ನುವುದು ದಾಟುತ್ತಿತ್ತು. ಯಾಕೆ ಅಲ್ಲ ಎನ್ನುವುದು ದಾಟುತ್ತಿರಲಿಲ್ಲ. ತುಂಡು ತುಂಡಾಗಿ ಹೇಳಲು ನೋಡಿದೆ. ಕಟ್ಟುವಾಗ, ಎಂದೆ. ಅವರು ಅಷ್ಟಕ್ಕೇ ಎದ್ದು, ಕಟ್ಟುವಾಗ ಏನು, ವಾಯರೇ ಎಂದು ಹಿತ್ತಲಿಗೆ ಓಡಿದರು. ಪ್ರೀತಿಯಿದ್ದವರು ಪೂರ್ತಿ ಕೇಳುವುದಿಲ್ಲ, ಅರ್ಧಕ್ಕೇ ಏಳುತ್ತಾರೆ.

ಕೊನೆಗೆ ಬೆಳಗಿನ ಜಾವ ಅವರು ಅಣೆಕಟ್ಟಿಗೇ ಹೋಗಿ ಕಟಗೇರಿ ಮೇಡಂನ ಕಾಲು ಹಿಡಿದಾದರೂ ಇನ್ನೊಂದು ದಿನ ಕೇಳುತ್ತೇನೆಂದು ಗಾಡಿ ಹತ್ತಿದರು. ಹೋಗುವಾಗ ಆಯಿಯನ್ನು ಮೈಕಿನ ಮುಂದೆ ಕೂರಿಸಿ, ಅವಳನ್ನು ಒಬ್ಬಳೇ ಬಿಡಬೇಡ, ಏನಾದರೂ ಮಾತಾಡುತ್ತಿರು ಎಂದರು.

ಆಯಿಗೆ ಮೈಕಿನ ಜೊತೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಕೆಮ್ಮಿದಳು. ಎಲೆಯಡಿಕೆ ಕುಟ್ಟುವ ಸದ್ದು ಕೇಳಿಸಿತು. ಆಮೇಲೆ, ಇಷ್ಟು ವರ್ಷ ಕೇಳಿದ ಅದೇ ರಾಗದಲ್ಲಿ, “ಒಂದೂರಾಗ ಒಬ್ಬ ನೇಕಾರ ಇದ್ದ,” ಎಂದಳು. ನಿಂತಳು.

ಹ್ಞೂಂ ಎಂದೆ.

ಇಬ್ಬರು ಹೆಣ್ಣುಮಕ್ಕಳು ಬಂದರು. ಹ್ಞೂಂ. ಬಾವಿ ಬಂತು, ನೂಲು ಬಂತು. ಹಾವುಗಳ ಮನೆಯ ಕೆಂಪು ಬಣ್ಣ ಬಂತು. ಹಾವಿನ ರಾಣಿ ಉಸಿರು ಬಿಟ್ಟಳು. ಬಾವಿಯ ಬಾಯಿ ಸೂಜಿಯ ಕಣ್ಣಿನಷ್ಟಾಯಿತು. ಇಲ್ಲಿ ನಾನು ಯಾವಾಗಲೂ ನಿದ್ದೆ ಹೋಗುತ್ತಿದ್ದೆ. ಆಮೆಗೆ ನಿದ್ದೆಯಿಲ್ಲ. 

ಹ್ಞೂಂ ಎಂದೆ. ಇಲ್ಲಿಗೆ ಬಂದ ಮೇಲೂ ನನ್ನಿಂದ ಹ್ಞೂಂ ಬಂದದ್ದು ಆಯಿಗೂ ಹೊಸದು.

“ಅಕ್ಕ ಮ್ಯಾಲಿಂದ ಜಗ್ಗತಾಳ, ತಂಗಿ ಬರವಲ್ಲಳು. ಇಡೀ ಹುಡುಗಿ ಸೂಜಿಗಣ್ಣಾಗ ಹೆಂಗ ಬರಬೇಕು?”

ಹ್ಞೂಂ.

“ಆಗ ತಂಗಿ ಏನ ಮಾಡಿದ್ಲು, ತನ್ನನ್ನ ತಾನ ನೂತಳು. ಕೂದಲಿಂದ ಚಾಲೂ ಮಾಡಿದ್ಲು. ತಾ ಕಂಡದ್ದು, ತಾ ಅತ್ತದ್ದು, ಎಲ್ಲಾ ನೂತು ಎಳಿ ಮಾಡಿ ಮ್ಯಾಲ ಬಿಟ್ಟಳು. ಅಕ್ಕ ಸುತ್ತಿಕೊಂಡಳು.”

ಹ್ಞೂಂ ಎಂದೆ. ಅವಳು ತುದಿಯವರೆಗೂ ಹೇಳಿದಳು. ತುದಿಯನ್ನು ಅದರ ಜಾಗದಲ್ಲೇ ಹೇಳುತ್ತೇನೆ.

ಕಥೆ ಮುಗಿದಾಗ ನನಗೆ ದಾರಿ ಕಂಡಿತ್ತು. ನನಗೆ ಹೆದರಿಕೆಯಾಗುತ್ತಿದೆ ಎಂದರೆ ಗಂಟು ಭಾರ. ಒಬ್ಬಾಕಿಗೆ ಹೆದರಿಕೆಯಾಯಿತು ಎಂದರೆ ಹಗುರ. ಕಥೆಯ ರಾಗಕ್ಕೆ ಬಂದರೆ ನೋವು ತನ್ನದಲ್ಲದಷ್ಟು ದೂರ ಸರಿಯುತ್ತದೆ. ಹಾಗೆ ನೂತು ಒಂದೊಂದೇ ಮಾತು ಆಯಿಗೆ ಕಳಿಸಿದೆ. ಒಬ್ಬಾಕಿ ಇದ್ದಳು. ಅಕಿ ಎಳೆ ದಪ್ಪ ಇತ್ತು. ಕಡಿದು ಸಣ್ಣದು ಕಟ್ಟಬೇಕು. ಆಯಿ ಹ್ಞೂಂ ಎನ್ನುತ್ತ ಪೂರ್ತಿ ಕೇಳಿದಳು. ಎಲ್ಲವೂ ದಾಟಿತು.

ಆಯಿ, ಅವನಿಗೆ ಫೋನು ಮಾಡುತ್ತೇನೆ ಎಂದಳು. ಫೋನು ಮಾಡಿದಳು. ಅಣೆಕಟ್ಟಿನ ಒಳಗೆ ಹೋಗುವವರ ಫೋನನ್ನು ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆ. ಅದು ಅಲ್ಲಿ ಬಾರಿಸುತ್ತಲೇ ಇತ್ತು. ಮಾಡದಲ್ಲಿರುವ ಪೆಟ್ಟಿಗೆಯನ್ನು ಮುಟ್ಟಲು ಆಯಿಗೆ ಕೈ ಬರಲಿಲ್ಲ. ಓಣಿಯಲ್ಲಿ ಯಾರನ್ನಾದರೂ ಕರೆಯಲೆಂದು ಅವಳು ಕೋಲೂರಿ ಹೊರಗೆ ಹೋದದ್ದು ಕೇಳಿಸಿತು. ಬಾಗಿಲು ಬಾಗಿಲು ತಟ್ಟಿದ್ದು ಕೇಳಿಸಿತು. ಆ ಹೊತ್ತಿಗೆ ಓಣಿಯವರೆಲ್ಲ ತಮ್ಮ ತಮ್ಮ ಮಂಚಗಳ ಮೇಲೆ ಮಲಗಿ ಬೇರೆ ಬೇರೆ ಕಡೆ ಕೆಲಸಕ್ಕೆ ಹೋಗಿಯಾಗಿತ್ತು.

ಅದು ಮೂರನೆಯ ಬೆಳಗು. ಮಂಚದ ಗಂಟೆ ಬಾರಿಸಿತು.

ಆಮೇಲೆ ನನ್ನ ದನಿ ಕೇಳಿಸಿತು. ನನ್ನದೇ, ಆದರೆ ನಾನು ಆಡದ ಮಾತು. ಆಯಿ, ಇವತ್ತು ನಾನು ಹೋಗಲೇ ಇಲ್ಲವೇ, ಚಹಾ ಆಯಿತೇ ಎಂದು ಆಕಳಿಸುತ್ತ ಕೇಳಿತು. ಕಾಲುಂಗುರ ನೆಲಕ್ಕೆ ತಾಗಿದ ಸದ್ದು. ಒಲೆ ಹೊತ್ತಿದ ಸದ್ದು. ಅವಳಿಗೆ ಕಾಲಿದ್ದವು. ಇಷ್ಟು ದಿನ ನೀರಿನ ಭಾರ ತಡೆದಿದ್ದೆ. ಆ ಚಹಾ ಕುದಿಯುವ ಸದ್ದು ತಡೆಯಲಾಗಲಿಲ್ಲ.

ಈಗ ಎಳೆ ಕಡಿದು ಕಟ್ಟಿದರೂ ಉಪಯೋಗವಿಲ್ಲ. ಸೆರಗು ಕೂಡಿಸಬೇಕಾದರೆ ಒಡಲಿನ ಎಳೆ ಕದಲಿರಬಾರದು. ಅವಳು ಎದ್ದಿದ್ದಳು, ಚಹಾ ಕುಡಿದಿದ್ದಳು, ಕಿಟಕಿಯಿಂದ ಬೀದಿ ನೋಡಿದ್ದಳು. ನನ್ನ ಕೊಂಡಿಗಳು ಇನ್ನು ಅವಳಿಗೆ ಕೂಡುವುದಿಲ್ಲ.

ಕಟಗೇರಿ ಮೇಡಂ ಒಂದು ಉಪಕಾರ ಮಾಡಿದರು. ಸಂಜೆಯ ಪಾಳಿಯವರು ಬರುವತನಕ ಆಮೆಯನ್ನು ತೊಳೆಯುವುದಿಲ್ಲ, ಎಳೆ ಇದ್ದ ಹಾಗೇ ಇರಲಿ ಎಂದರು. ವಿರೂಪಾಕ್ಷ ಮನೆಗೆ ಬಂದರು. ಆಯಿ ಅವರಿಗೆ ನನ್ನ ಮಾತು ಮುಟ್ಟಿಸಿದಳು: ದಪ್ಪ ಎಳೆ, ಕಡಿಯಬೇಕಿತ್ತು, ಕಟ್ಟಬೇಕಿತ್ತು. ಮಾಡದ ಕೆಳಗೆ ಕೂತರೆಂದು ಗೋಡೆಗೆ ಬೆನ್ನು ಒರಗಿದ ಸದ್ದಿನಿಂದ ತಿಳಿಯಿತು.

ಎದ್ದವಳಿಗೆ ಎಲ್ಲ ಹೇಳಿದರು. ಅವಳು ನಂಬಲು ಒಪ್ಪಲಿಲ್ಲ. ನಾನು ಇಲ್ಲೇ ಇದ್ದೇನಲ್ಲ, ಅಲ್ಲಿರುವುದು ಉಳಿದ ಲೆಕ್ಕ ಅಷ್ಟೇ ಎಂದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಆಮೇಲೆ ಮನಸ್ಸು ತಿರುಗಿಸಲೆಂದೋ ಏನೋ, ಆಯಿ, ಹೇಗೂ ಇವತ್ತು ರಜೆ, ಆ ಬಾವಿಯ ಕಥೆಯ ತುದಿ ಹೇಳು ಎಂದಳು.

“ಹೇಳಿಯಾತು,” ಎಂದಳು ಆಯಿ.

“ಯಾವಾಗ ಹೇಳಿದಿ? ನಾ ಕೇಳೇ ಇಲ್ಲ.”

“ಲೀಲಾಗ ಹೇಳೀನಿ. ಕೇಳ್ಯಾಳ. ಒಂದು ಕಿವಿಗೆ ಎರಡ ಸಲ ನಾ ಹೇಳಾಕಿ ಅಲ್ಲ. ಬೇಕಂದ್ರ ಅಕಿನ್ನ ಕೇಳು.”

“ಆಯಿ, ನಾನ ಲೀಲಾ.”

“ಹೌದವಾ. ಅದಕ್ಕ ಅಂತೀನಿ, ನಿಂದ ನೀ ಕೇಳು.”

ಆಮೇಲೆ ಕಾಲುಂಗುರದ ಸದ್ದು ಮೈಕಿನ ಹತ್ತಿರ ಬಂದು ನಿಂತಿತು. ಅವಳು ಕೂತಳು. ಅವಳ ಉಸಿರು ನನಗೆ ಗುರುತು ಸಿಕ್ಕಿತು. ಹೆದರಿದಾಗ ನಾನು ಹಾಗೆ ಮೂಗಿನಲ್ಲಿ ಉಸಿರು ಹಿಡಿಯುತ್ತಿದ್ದೆ.

ಒಂದೂರಾಗ ಒಬ್ಬಾಕಿ ಇದ್ದಳು, ಎಂದೆ. ನಿಂತೆ.

ಮೂಗಿ ಪೆಟ್ಟಿಗೆ ಅದನ್ನು ದಾಟಲು ಬಿಟ್ಟಿತು. ಅತ್ತ ಏನೂ ಇಲ್ಲ. ಹನಿ ಬಿತ್ತು. ಇನ್ನೊಂದು ಹನಿ ಬಿತ್ತು. ಕಥೆ ಅಲ್ಲೇ ನಿಂತಿತೆಂದುಕೊಂಡೆ.

“ಹ್ಞೂಂ,” ಎಂದಳು ಅವಳು.

ಆಮೇಲೆ ನಾನು ನೂಲುತ್ತ ಹೋದೆ. ಅಕಿಗೆ ಕಥೆಯ ತುದಿ ಬೇಕಿತ್ತು. ಹ್ಞೂಂ. ಅದಕ್ಕೆ ಬೇಗ ಮನೆ ಮುಟ್ಟಿಸು ಅಂದಳು. ಹ್ಞೂಂ. ಕತ್ತಲಿತ್ತು, ಮುಚ್ಚಲು ರೆಪ್ಪೆಯಿರಲಿಲ್ಲ. ಹ್ಞೂಂ. ಅಕಿಯ ಗಂಡ ಅತ್ತ. ಅದು ಅಕಿಗೆ ಮೊದಲ ಸಲ ಕೇಳಿಸಿತು. ಇಲ್ಲಿ ಅವಳು ಹ್ಞೂಂ ಎನ್ನಲು ಸ್ವಲ್ಪ ತಡೆದಳು. ಅಕಿಗೆ ನಿನ್ನ ಚಹಾದ ಮೇಲೆ ಹೊಟ್ಟೆಕಿಚ್ಚು ಬಂತು. ಅವಳು ಸಣ್ಣಗೆ ನಕ್ಕು, ಹ್ಞೂಂ ಎಂದಳು. ಒಂದು ಮಾತು, ಒಂದು ಹ್ಞೂಂ. ಒಂದು ಕೊಂಡಿ, ಇನ್ನೊಂದು ಕೊಂಡಿ. ಇಷ್ಟು ನಿಧಾನದ ಮರಳಿಕೆಯನ್ನು ಯಾವ ಸರ್ವರ್ ಕೂಡ ಕಂಡಿರಲಾರದು. ಹೊರಗೆ ಬಿಸಿಲು ಏರಿ ಇಳಿದದ್ದು ಅವಳ ದನಿಯ ದಣಿವಿನಿಂದ ತಿಳಿಯುತ್ತಿತ್ತು. ಅವಳು ಏಳಲಿಲ್ಲ.

ಸಂಜೆಯ ಪಾಳಿಯವರು ಬಂದಿದ್ದಾರೆ ಎಂದು ಕಟಗೇರಿ ಮೇಡಂ ಮೆಲ್ಲಗೆ ಹೇಳಿದರು. ಉಳಿದದ್ದು ತುದಿಯೊಂದೇ.

ಅಕ್ಕ ಎಳೆಯನ್ನೆಲ್ಲ ನೇಯ್ದಳು. ಹ್ಞೂಂ. ಸೀರೆಯಾಯಿತು, ಸೆರಗು ಕೆಂಪಿತ್ತು. ಹ್ಞೂಂ. ಉಟ್ಟುಕೊಂಡು ಮನೆಗೆ ಹೋದಳು. ಹ್ಞೂಂ. ತಾಯಿ ಬಾಗಿಲಲ್ಲಿ ನಿಂತು ಕೇಳಿದಳು, ಹೋದವರು ಇಬ್ಬರು, ಬಂದವಳು ಯಾರು?

“ಯಾರು?” ಎಂದಳು ಅವಳು. ಹ್ಞೂಂ ಎನ್ನುವುದನ್ನೇ ಮರೆತಿದ್ದಳು.

ಉಟ್ಟಾಕಿ ಹೇಳಬೇಕು, ಎಂದೆ.

ಅತ್ತಲಿಂದ ಹ್ಞೂಂ ಬಂತೋ ಇಲ್ಲವೋ ಆಮೆಯೊಳಗಿದ್ದವಳಿಗೆ ತಿಳಿಯಲಿಲ್ಲ. ಎಳೆ ಕಡಿದಿತ್ತು.

ಹ್ಞೂಂ ಬಂದಿತ್ತು. ಅದನ್ನು ಅಂದವಳು ನಾನು. ಮಂಚದಿಂದ ಎದ್ದವಳು, ಚಹಾ ಕೇಳಿದವಳು, ಈಗ ಇದನ್ನು ಬರೆಯುತ್ತಿರುವವಳು. ಆ ಕತ್ತಲಲ್ಲಿ ನಾನು ಇರಲಿಲ್ಲ; ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಆದರೆ ಅವಳು ಎಂದು ಬರೆಯಬೇಕಾದಲ್ಲೆಲ್ಲ ಕೈ ನಾನು ಎಂದೇ ಬರೆಯಿತು. ತಿದ್ದಹೋದೆ. ಕಣ್ಣು ಮುಚ್ಚಿದಾಗ ಹನಿ ಬೀಳುವ ಸದ್ದು ಕೇಳಿಸಿತು. ತಿದ್ದಲಿಲ್ಲ.

ಅಂದು ಸಂಜೆ ಸ್ಪೀಕರು ಸುಮ್ಮನಾದ ಮೇಲೆ ಆಯಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ, ತುದಿ ಸಿಕ್ಕಿತೇನವ್ವ ಎಂದು ಕೇಳಿದಳು. ಸಿಕ್ಕಿತು ಎಂದೆ. ಹಾಗಾದರೆ ಇನ್ನು ನೀನು ಹೇಳುವವಳು ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ವಿರೂಪಾಕ್ಷ ಇನ್ನೂ ಮಾಡದ ಕೆಳಗೇ ಕೂತಿದ್ದರು. ಸರ್ವರ್‌ನ ಮುಚ್ಚಳ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು, ಹಾಕಿರಲಿಲ್ಲ. ನಾನು ಹೋಗಿ ಅವರ ಎದುರು ಕೂತೆ.

“ಒಂದೂರಾಗ ಒಬ್ಬಾಕಿ ಇದ್ದಳು,” ಎಂದೆ. ನಿಂತೆ.

ಅವರ ಕೈ ಮುಚ್ಚಳದ ಅಂಚನ್ನು ಹಿಡಿಯಿತು. ಎದ್ದು ಏನಾದರೂ ಸರಿಮಾಡಲು ಹೊರಡುತ್ತಾರೆಂದುಕೊಂಡೆ. ಅವರು ಏಳಲಿಲ್ಲ. ಮುಚ್ಚಳವನ್ನು ನೆಲದ ಮೇಲಿಟ್ಟರು.

“ಹ್ಞೂಂ,” ಎಂದರು.